ಪರಿಚಯದ ಮುಖ

"ನೀವು ಏರಿಸೋ ಬಾಟಲಿಯೊಳಗೆ ಏನಿರುತ್ತೆ ಅಂತ ಮೊದಲು ಹೇಳಿ. ಸೂಜಿ ಗೀಜಿ ಎಲ್ಲ ಆಮೇಲೆ," ಎಂದು ಕಾವಲುಗಾರ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತುಬಿಟ್ಟ. ಜೀವಮಾನವೆಲ್ಲ ಕಾರ್ಖಾನೆಯ ಗೇಟಿನ ಬಿಸಿಲಲ್ಲಿ ನಿಂತು, ಸ್ವಂತ ಭಾವಮೈದುನನ ಊಟದ ಡಬ್ಬಿಯನ್ನೂ ಬಿಚ್ಚಿಸಿ ನೋಡಿದ ಆಸಾಮಿ. ಅಂಥವನು ಆಸ್ಪತ್ರೆಯವರನ್ನು ನಂಬುತ್ತಾನೆಯೇ?

ಕತ್ತಿನ ಹಿಂದಿನ ಮಚ್ಚೆ ಚರ್ಮದ ಕ್ಯಾನ್ಸರ್ ಎಂದು ತಿಳಿದು ಅದನ್ನು ಕತ್ತರಿಸಿ ತೆಗೆದಿದ್ದಾಗಿತ್ತು. ಆದರೆ ರೋಗ ಅಷ್ಟರಲ್ಲೇ ಕತ್ತಿನೊಳಗಿನ ಗ್ರಂಥಿಗೂ ಹಬ್ಬಿತ್ತು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"ನಿಮ್ಮ ಮೈಯಲ್ಲೂ ಕಾವಲಿನವರಿದ್ದಾರೆ. ಈ ರೋಗ 'ನಾನೂ ಮನೆಯವನೇ' ಅಂತ ಅವರನ್ನ ನಂಬಿಸಿ ಸೇರ್ಕೊಂಡಿದೆ. ಔಷಧಿ ತಾನಾಗಿ ರೋಗವನ್ನ ಕೊಲ್ಲಲ್ಲ, ಕಾವಲಿನವರ ಕಣ್ಣು ತೆರೆಸುತ್ತೆ. ಒಮ್ಮೊಮ್ಮೆ ಅವರು ರೇಗಿ ಮನೆಯವರಿಗೂ ಬಾರಿಸ್ತಾರೆ. ಅದನ್ನ ನಾವು ನೋಡ್ಕೋತೀವಿ."

"ಗುಣ ಆಗೋದು ಗ್ಯಾರಂಟೀನಾ?"

"ಎಷ್ಟೋ ಜನಕ್ಕೆ ಆಗಿದೆ. ಎಲ್ಲರಿಗೂ ಅಂತ ಹೇಳಲಾರೆ."

"ನೋಡಿದ್ಯಾ!" ಅವನು ಹೆಂಡತಿಯ ಕಡೆ ತಿರುಗಿದ. "ಪ್ರಯೋಗಕ್ಕೆ ನಾನೇ ಸಿಕ್ಕಿದ್ದು. ಅಲ್ಲಾ ಡಾಕ್ಟ್ರೇ, ನೀವು ಹೇಳೋ ಹಾಗೆ ಬಿಸಿಲಿಗೆ ಕ್ಯಾನ್ಸರ್ ಬರೋದಾದ್ರೆ ಗೇಟಿನವರಿಗೆಲ್ಲ ಯಾಕೆ ಬರಲಿಲ್ಲ?"

"ಬಿಸಿಲೂ ಒಂದು ಕಾರಣ, ಹುಟ್ಟಿನಿಂದ ಬಂದದ್ದೂ ಸೇರುತ್ತೆ," ಎಂದರು ಡಾಕ್ಟರಮ್ಮ. "ಎಲ್ಲ ಮನೆಗೂ ಕಳ್ಳ ನುಗ್ಗಲ್ಲ. ಹಾಗಂತ ಬಾಗಿಲು ತೆರೆದಿಟ್ಟು ಮಲಗ್ತೀರಾ?"

ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ಮಚ್ಚೆ ದೊಡ್ಡದಾಗ್ತಿದೆ, ಬಣ್ಣ ಬದಲಾಗ್ತಿದೆ ಅಂತ ಬಾಯಿ ನೋಯೋ ಹಾಗೆ ಹೇಳಿದೆ. ಏನಂದ್ರಿ? ಹುಟ್ಟಿದಾಗಿಂದ ಜೊತೆಗಿರೋದು, ಅದನ್ನೇನು ನೋಡೋದು ಅಂದ್ರಿ. ಊರನ್ನೆಲ್ಲ ಜಾಲಾಡಿ ಅದೊಂದನ್ನ ಬಿಟ್ರಿ. ಈಗ ಔಷಧಿ ಬೇಡ ಅಂತ ಎದ್ದು ಹೋದ್ರೆ ನನ್ನ ಗತಿ ಏನು?" ಅವನು ತಲೆ ತಗ್ಗಿಸಿದ. ಕೈ ಮಾತ್ರ ಕಂಕುಳಲ್ಲೇ ಇತ್ತು.

ಅಷ್ಟರಲ್ಲಿ ನರ್ಸ್ ಬಾಟಲಿ ಹಿಡಿದು ಬಂದಳು. "ಹೆಸರು, ಹುಟ್ಟಿದ ತಾರೀಕು ಹೇಳಿ."

"ಬೆಳಗ್ಗೆಯಿಂದ ಎಷ್ಟು ಸಲ ಕೇಳ್ತೀಯಮ್ಮ! ನೀನೇ ತಾನೆ ನನ್ನನ್ನ ಕರ್ಕೊಂಡು ಬಂದು ಕೂರಿಸಿದ್ದು? ಮುಖ ಗೊತ್ತಿಲ್ವಾ?"

"ಮುಖ ಗೊತ್ತು ಅಂತ ಬಿಟ್ರೆ ಒಬ್ಬರ ಔಷಧಿ ಇನ್ನೊಬ್ಬರ ಮೈಗೆ ಹೋಗುತ್ತೆ, ಯಜಮಾನ್ರೇ. ಹೇಳಿ."

ಅವನು ಹೇಳಿದ. ಅವಳು ಅಷ್ಟಕ್ಕೂ ಒಪ್ಪದೆ ಕಂಕುಳಿಂದ ಇಣುಕುತ್ತಿದ್ದ ಅವನ ಮಣಿಕಟ್ಟಿನ ಹೆಸರಿನ ಪಟ್ಟಿಯನ್ನು ತಿರುಗಿಸಿ, ಬಾಟಲಿಯ ಚೀಟಿಗೆ ಹೋಲಿಸಿ, ಇನ್ನೊಬ್ಬ ನರ್ಸನ್ನೂ ಕರೆದು ಓದಿಸಿದಳು. ಆ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಪೈಕಿಯವರೊಬ್ಬರು ಸಿಕ್ಕಂತಾಯಿತು. ಮೆಲ್ಲಗೆ ಕೈ ಚಾಚಿದ.

"ಸರಿ, ಬಿಡಿ ಒಳಗೆ."

"ಇನ್ನಾದ್ರೂ ಸ್ವಲ್ಪ ಕಣ್ಣು ಮುಚ್ಕೊಳ್ರಿ," ಎಂದಳು ಹೆಂಡತಿ.

ಅವನು ಮುಚ್ಚಲಿಲ್ಲ. ಇಳಿಯುವ ಒಂದೊಂದು ಹನಿಯನ್ನೂ ಗೇಟಿನಲ್ಲಿ ತಡೆದು ವಿಚಾರಿಸುವವನಂತೆ ನೋಡುತ್ತ ಕೂತ.