ಐದನೇ ಗುಂಡಿ

ಅಂಗಿಯ ಐದನೇ ಗುಂಡಿಯಲ್ಲಿ ಗಂಡನ ಬೆರಳು ಮತ್ತೆ ಜಾರಿತು. ಹೆಂಡತಿ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ತಲೆಗೆ ಪೆಟ್ಟಾಗಿ ಅವನು ಅಂಗಿ ತೊಡುವುದನ್ನೇ ಮರೆತ ಮೇಲೆ ಥೆರಪಿಸ್ಟ್ ಹಾಕಿಕೊಟ್ಟ ನಿಯಮವಿದು: ಸಹಾಯ ಮಾಡಬಾರದು, ಅವನು ಗುಂಡಿ ಹಾಕಿದ ತಕ್ಷಣ "ಭಲೇ" ಎನ್ನಬೇಕು, ಹಾಳೆಯಲ್ಲಿ ಗೆರೆ ಎಳೆಯಬೇಕು.

ನಾಲ್ಕು ತಿಂಗಳಿಂದ ಹೊಗಳಿ ಹೊಗಳಿ ಅವಳಿಗೆ ಸಾಕುಸಾಕಾಗಿತ್ತು. ಈಗ ಅವನು ಆ ಗುಂಡಿ ಹಾಕಿದರೂ ಅವಳು "ಭಲೇ" ಎನ್ನಲಿಲ್ಲ. "ಇನ್ನು ನನ್ನ ಕೈಲಾಗಲ್ಲ ಕಣ್ರೀ," ಎಂದು ಪೆನ್ಸಿಲ್ ಕೆಳಗಿಟ್ಟಳು.

ಅವನು ಅವಳ ಕೋಟನ್ನೇ ನೋಡುತ್ತಿದ್ದ. ಕೆಲಸಕ್ಕೆ ಹೊರಡುವ ಆತುರದಲ್ಲಿ ಅವಳು ಗುಂಡಿಗಳನ್ನೆಲ್ಲ ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದಳು.

"ತಪ್ಪಾಗಿದೆ," ಎಂದ. "ನೀನೇ ಸರಿ ಮಾಡ್ಕೋ. ನಾನು ಕೈ ಹಾಕಲ್ಲ."

ಅವಳು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿಕೊಂಡಳು. ಕೊನೆಯ ಗುಂಡಿ ಹಾಕಿದ ತಕ್ಷಣ, "ಭಲೇ ಕಣೇ!" ಎಂದವನೇ ಪೆನ್ಸಿಲ್ ಎತ್ತಿಕೊಂಡು ಹಾಳೆಯಲ್ಲಿ ಗೆರೆ ಎಳೆದ.