ಎರಡನೆಯ ಪರದೆ

"ಏಕಕಾಲಕ್ಕೆ ಎರಡು ಪರದೆಗಳಲ್ಲಿ ಮಾತ್ರ ನೋಡಬಹುದು" ಎಂದು ಟಿ.ವಿ. ಮತ್ತೆ ತಡೆದಾಗ ಅವನು ಸಿಡಿದ. ಒಂದು ಪರದೆ, ಕೋಣೆಯಲ್ಲಿ ಸೀರಿಯಲ್ ನೋಡುತ್ತಿದ್ದ ತಾಯಿಯ ಫೋನು. ಇನ್ನೊಂದು ಯಾರದು? ವಿಚ್ಛೇದನ ಪಡೆದು ಹೋಗಿದ್ದ ಹೆಂಡತಿಗೆ ಫೋನ್ ಮಾಡಿದ.

"ಇನ್ನೂ ನನ್ನ ಅಕೌಂಟಲ್ಲಿ ನೋಡ್ತಿದೀಯಾ?"

"ಹೌದು. ಏನೀಗ?"

ಕೋಣೆಯಲ್ಲಿ ಸೀರಿಯಲ್ಲಿನ ಸದ್ದು ನಿಂತಿತು.

"ನಾಚಿಕೆ ಆಗಲ್ವಾ? ಪಾಸ್‌ವರ್ಡ್ ಎರಡು ಸಲ ಬದಲಾಯಿಸಿದೀನಿ. ಹೇಗೆ ಕದ್ದೆ?"

"ಕದ್ದು ನನ್ನ ಫೋನ್ ನೋಡ್ತಿದ್ದೋರು ನೀವು. ಇದನ್ನ ನಂಗೆ ಕರೆದು ಕೊಟ್ರು."

"ಯಾರು ಕೊಟ್ಟಿದ್ದು? ಹೆಸರು ಹೇಳು, ಇವತ್ತೇ ಮನೆಯಿಂದ ಆಚೆ ಹಾಕ್ತೀನಿ!"

ಕೋಣೆಯಿಂದ ತಾಯಿ ಕೂಗಿದರು:

"ಸಾಕು, ಫೋನ್ ಇಡೋ! ಅವಳ ಜೊತೆ ನೋಡ್ಬೇಕು ಅಂತ ನಾನಿಲ್ಲಿ ಸೀರಿಯಲ್ ನಿಲ್ಲಿಸ್ಕೊಂಡು ಕೂತಿದೀನಿ."