ವನಜಾಕ್ಷಿಯ ಸ್ಪೀಕರು

ಹಾಡು ಎರಡನೇ ಸಾಲಿಗೆ ಬರುವ ಮೊದಲೇ ಸೂರ್ಯಪ್ರಕಾಶ್ ಕೈಯೆತ್ತಿ, ನಿಲ್ಲಿಸಿ ಎಂದರು. “ತಪ್ಪು ತಿಳ್ಕೋಬೇಡಿ ಮೇಡಂ. ಆಯಮ್ಮ ಹಂಡೆ ಒಳಗೆ ಕೂತು ಹಾಡ್ತಿರೋ ಹಾಗಿದೆ.”

ವನಜಾಕ್ಷಿ ಹಾಡು ನಿಲ್ಲಿಸಿದಳು. ಅವರು ಹೇಳಿದ್ದು ನಿಜವೇ ಆಗಿತ್ತು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮುಗಿಸಿ ಬಂದು, ವರ್ಷವಿಡೀ ರಜೆಗಳನ್ನೆಲ್ಲ ಸುರಿದು, ಪ್ಲೈವುಡ್ ಕೊಯ್ದು ಅಂಟಿಸಿ, ಹಂದನಕೆರೆಯ ಈ ನಡುಮನೆಯಲ್ಲೇ ಮೈಕು ಹಿಡಿದು ಸದ್ದು ಅಳೆದು ತಿದ್ದಿದ ಜೋಡಿ ಸ್ಪೀಕರು ಅವು. ಮೌಲ್ಯಮಾಪನಕ್ಕೆಂದು ತುಮಕೂರಿಗೆ ಹೋಗುವ ಮುಂಚೆ ಇದೇ ಹಾಡಿನಲ್ಲಿ ಗಾಯಕಿ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಇವತ್ತು ಬೆಳಿಗ್ಗೆ ಸೂರ್ಯಪ್ರಕಾಶರ ಕಾರಿನಲ್ಲೇ ವಾಪಸಾಗಿದ್ದಳು. ತುಮಕೂರಿನ ಸಂಗೀತದ ಗೆಳೆಯರ ಬಳಗದಲ್ಲಿ ಅವರ ಕಿವಿಯದೇ ಕೊನೇ ಮಾತು. ಅವರು ಹೂಂ ಅಂದರೆ ಬಳಗದವರೆಲ್ಲ ಇವಳ ಕೈಯಲ್ಲೇ ಸ್ಪೀಕರು ಮಾಡಿಸುವವರಿದ್ದರು. ಉಹೂಂ ಅಂದರೆ, ಪಾಪ ಏನೋ ಹವ್ಯಾಸ ಎಂದು ನಕ್ಕು ಮರೆಯುವವರಿದ್ದರು.

“ದಪ್ಪ ವೈರು ಹಾಕಿ ನೋಡಿ. ಎಲ್ಲಾ ಇರೋದು ವೈರಲ್ಲೇ. ನಮ್ಮನೇದು ಬೆಳ್ಳಿ ಲೇಪದ್ದು,” ಎಂದರು ಸೂರ್ಯಪ್ರಕಾಶ್.

“ವೈರಲ್ಲ ಬುಡಿ ಸಾರ್,” ಕಾಫಿ ತಂದ ಗಂಡ ದಯಾನಂದ್ ನಡುವೆ ಬಾಯಿ ಹಾಕಿದ. “ಒಳಗಿನ ಸ್ಪೀಕರ್ ಕೋನೇ ಸಣ್ಣದಾಯ್ತು. ಮದುವೆ ಮನೆ ಡಿಜೆ ಬಾಕ್ಸು ಎದೆಗೇ ಗುದ್ತದೆ ನೋಡಿ, ಅದು ಸ್ಪೀಕರು! ಇದು ನಮ್ಮ ಸೀಮೆಹಸ ಮೆಲುಕು ಹಾಕ್ದಂಗೈತೆ ಕಣೇ.”

“ರೀ, ನೀವು ಒಸಿ ಸುಮ್ಕಿರಿ.”

ಅವಳು ಹಿಂಬದಿಯ ಸ್ಕ್ರೂ ಬಿಚ್ಚಿದಳು. ಬೆಸುಗೆ ಸರಿಯಿತ್ತು, ಒಳಗೆ ತುಂಬಿದ ಹತ್ತಿ ಸರಿಯಿತ್ತು. ಎಡದ್ದನ್ನು ಬಲಕ್ಕಿಟ್ಟು, ಬಲದ್ದನ್ನು ಎಡಕ್ಕಿಟ್ಟು ಕೇಳಿದಳು. ಎರಡರಲ್ಲೂ ಅದೇ ಹಂಡೆಯ ಸದ್ದು. ಎರಡು ಪೆಟ್ಟಿಗೆಗಳು ಮಾತಾಡಿಕೊಂಡ ಹಾಗೆ ಒಟ್ಟಿಗೇ ಕೆಡುವುದಿಲ್ಲ. ಹಾಗಾದರೆ ಕೆಟ್ಟಿದ್ದು ಪೆಟ್ಟಿಗೆಯಲ್ಲ. ಚಾಪೆ, ಪರದೆ, ಕುರ್ಚಿ, ಎಲ್ಲ ಇದ್ದಲ್ಲೇ ಇದ್ದವು. ಅಷ್ಟರಲ್ಲಿ ದಯಾನಂದ್ ಸ್ಟೀಲ್ ಲೋಟವನ್ನು ಕಿಟಕಿಕಟ್ಟೆಯ ಮೇಲೆ ಕುಕ್ಕಿದ. ಠಣ್ ಎಂದ ಸದ್ದು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಈ ಮನೆಯಲ್ಲಿ ಯಾವ ಸದ್ದೂ ಹಾಗೆ ನಿಂತದ್ದಿಲ್ಲ. ವನಜಾಕ್ಷಿ ತಲೆಯೆತ್ತಿದಳು. ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಗಳ ಸಂದಿನಲ್ಲಿ ಬೋಳು ಸಿಮೆಂಟಿನ ತಾರಸಿ ಕಾಣುತ್ತಿತ್ತು.

“ರೀ, ಅಟ್ಟದ ಕಾಯಿ ಎಲ್ಲಿ?”

“ಇಳ್ಸಿ, ಸುಲ್ಸಿ, ಕೊಬ್ಬರಿ ಮಾರಿದ್ದೂ ಆಯ್ತು. ಫೋನಲ್ಲಿ ಹೇಳಿದ್ನಲ್ಲ, ನೀನೂ ಹೂಂಗುಟ್ಟಿದೆ.”

ಹೇಳಿದ್ದ. ಉತ್ತರಪತ್ರಿಕೆಯ ಮೇಲೆ ಕಣ್ಣಿಟ್ಟೇ ಅವಳು ಹೂಂಗುಟ್ಟಿದ್ದಳು. ಅಲ್ಲಿಗೆ ಅವಳಿಗೆ ತನ್ನ ತಪ್ಪು ತಿಳಿಯಿತು. ಮೇಲಕ್ಕೆ ಹೋದ ಸದ್ದನ್ನೆಲ್ಲ ಇಷ್ಟು ದಿನ, ಕೊಬ್ಬರಿಯಾಗಲೆಂದು ಅಟ್ಟಕ್ಕೆ ತುಂಬಿದ್ದ ತೆಂಗಿನಕಾಯಿಗಳ ಸಿಪ್ಪೆ, ನಾರು ಕುಡಿದುಬಿಡುತ್ತಿದ್ದವು. ಈಗ ಅದು ತಾರಸಿಗೆ ಬಡಿದು ನೇರ ಕಿವಿಗೇ ಬೀಳುತ್ತಿದೆ. ಗೋಡೆ ಅಳೆದಳು, ನೆಲ ಅಳೆದಳು, ನೆತ್ತಿಯ ಮೇಲಿದ್ದುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅವಳು ವಿವರಿಸಿದಾಗ ಸೂರ್ಯಪ್ರಕಾಶ್ ನಕ್ಕರು. “ಮೂವತ್ತು ವರ್ಷದಿಂದ ಕೇಳ್ತಾ ಬಂದಿದೀನಿ ಮೇಡಂ. ತೆಂಗಿನಕಾಯಿ ನೆಪ ಇದೇ ಮೊದಲು.”

“ನೆಪಾನೋ ನಿಜಾನೋ ಈಗಲೇ ನೋಡೋಣ ಸಾರ್. ಷರ್ಟಿನ ತೋಳು ಮಡಚ್ಕೊಳ್ಳಿ.”

ಅಂಗಳದಲ್ಲಿ ಹೊಸದಾಗಿ ಕೆಡವಿದ ಕಾಯಿಗಳ ರಾಶಿಯಿತ್ತು. ಅಟ್ಟ ಪೂರ್ತಿ ತುಂಬುವುದು ಬೇಕಿರಲಿಲ್ಲ. ಪೆಟ್ಟಿಗೆಗಳಿಗೂ ಕುರ್ಚಿಗೂ ನಡುವೆ, ಸದ್ದು ಬಡಿದು ತಿರುಗುವ ಜಾಗ ಮುಚ್ಚಿದರೆ ಸಾಕಿತ್ತು. ವನಜಾಕ್ಷಿ ಹೊತ್ತು ತಂದಳು, ಏಣಿಯ ಮೇಲೆ ನಿಂತ ಸೂರ್ಯಪ್ರಕಾಶ್ ಈಸಿಕೊಂಡು ಮೇಲಕ್ಕೆ ಕೊಟ್ಟರು, ಅಟ್ಟದಲ್ಲಿ ಕೂತ ದಯಾನಂದ್ ಜೋಡಿಸಿದ. “ಆಳೇ ಸಿಗಾಕಿಲ್ಲ ಅಂತಿದ್ದೆ. ತುಮಕೂರಿಂದ ಕಾರಲ್ಲಿ ಬಂದವ್ರೆ!” ಎಂದು ಮೇಲಿನಿಂದ ಅವನ ನಗು ಕೇಳಿಸಿತು. ಸೂರ್ಯಪ್ರಕಾಶ್ ಏದುಸಿರು ಬಿಡುತ್ತಾ ಮುಂದಿನ ಕಾಯಿ ಎತ್ತಿಕೊಟ್ಟರು.

ಕೈ ತೊಳೆದು ಬಂದು ಮತ್ತೆ ಕೂತರು. ಗಾಯಕಿ ಉಸಿರೆಳೆದುಕೊಂಡದ್ದು ಮೊದಲು ಕೇಳಿಸಿತು, ಆಮೇಲೆ ಹಾಡು. ಸೂರ್ಯಪ್ರಕಾಶ್ ಈ ಸಲ ಕೈಯೆತ್ತಲಿಲ್ಲ. ಹಾಡು ಮುಗಿದದ್ದೇ ಕುರ್ಚಿಯಿಂದ ಎದ್ದರು.

“ಇದೇ ಜೋಡಿ ಬೇಕು ನನಗೆ. ಈಗಲೇ ಕಾರಿಗೆ ಹಾಕ್ಕೊಂಡು ಹೋಗ್ತೀನಿ.”

ದಯಾನಂದ್ ಆಗಲೇ ಒಂದು ಪೆಟ್ಟಿಗೆಗೆ ಕೈ ಹಾಕಿದ್ದ. ವನಜಾಕ್ಷಿ ಅದರ ಮೇಲೆ ಅಂಗೈ ಊರಿದಳು. ವರ್ಷದಿಂದ ಕಾದ ಮಾತು ಕಿವಿಗೆ ಬಿದ್ದಿತ್ತು. ಆದರೆ ಅದಕ್ಕೆ ಹೂಂ ಅನ್ನುವಂತಿರಲಿಲ್ಲ.

“ಇದು ಈ ಅಟ್ಟಕ್ಕೆ ಮಾಡಿದ್ದು ಸಾರ್. ನನಗೇ ಈಗ ಗೊತ್ತಾಗಿದ್ದು. ನಿಮ್ಮ ಫ್ಲಾಟಲ್ಲಿ ಇಟ್ರೆ ಮತ್ತೆ ಹಂಡೆಯೇ.”

“ಸಿಕ್ಕಿದ ಗಿರಾಕೀನ ಯಾರಾದ್ರೂ ಬುಡ್ತಾರೇನೇ?” ದಯಾನಂದ್ ಗೊಣಗಿದ.

“ಬಿಡ್ತಿಲ್ಲ ಕಣ್ರೀ. ಅವರ ಮನೆಗೆ ಬೇರೆ ಜೋಡಿ ಮಾಡ್ತೀನಿ. ಮನೇಲಿ ಮೇಡಂ ಇದಾರಾ ಸಾರ್? ಫೋನ್ ಹಾಕಿ. ಹಾಲ್ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟೋಕೆ ಹೇಳಿ.”

ಸೂರ್ಯಪ್ರಕಾಶ್ ಫೋನಿನ ಸ್ಪೀಕರ್ ಹಾಕಿ, ಸಂಕೋಚದಿಂದಲೇ ಹೆಂಡತಿಗೆ ಹೇಳಿದರು. “ಯಾಕ್ರೀ, ಏನಾಯ್ತು ನಿಮಗೆ? ಬಿಸಿಲಲ್ಲಿ ತಿರುಗಿದ್ರಾ?” ಎಂದಿತು ಆ ಕಡೆಯ ದನಿ. ಆಮೇಲೆ ಒಂದು ಚಪ್ಪಾಳೆ, ಅದರ ಹಿಂದೆಯೇ ಬಾಲದಂತೆ ಅದರ ಮಾರ್ದನಿ. ಫೋನನ್ನು ಪೂರ್ತಿ ನಂಬುವಂತಿಲ್ಲ ಎಂದು ವನಜಾಕ್ಷಿಗೆ ಗೊತ್ತಿತ್ತು. ಆದರೆ ಆ ಹಾಲ್ ಎಷ್ಟು ಸದ್ದು ಮರಳಿಸುತ್ತದೆ ಎಂದು ಅಂದಾಜಿಸಿ ಶುರು ಮಾಡಲು ಅಷ್ಟು ಸಾಕಿತ್ತು. ಅವಳು ಕಣ್ಣು ಮುಚ್ಚಿದಳು.

“ಇನ್ನೊಂದ್ಸಲ. ಈಗ ಕಿಟಕಿ ಹಾಕ್ಕೊಂಡು.”